ದಾಖಲೆಯಲ್ಲಿ ಉಡುಪಿ, ಹುಟ್ಟಿದ್ದು ಕುವೈತ್: ಗ್ರೀನ್ ಕಾರ್ಡ್ ಲಾಟರಿಯ ಅರ್ಹತೆ ಹುಡುಕಿದ ಒಂದು ಪ್ರಕರಣ

ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಗೆ ಭಾರತದವರು ಅರ್ಜಿ ಹಾಕುವಂತಿಲ್ಲ ಎಂಬ ಮಾತನ್ನು ಅಲ್ಲಿರುವ ಕನ್ನಡಿಗರೆಲ್ಲ ಕೇಳಿರುತ್ತಾರೆ. ಮಾತು ಬಹುಪಾಲು ನಿಜ. ನಿಜವಲ್ಲದ ಸಣ್ಣ ಪಾಲು ಯಾರಿಗೆ ಸೇರಿದ್ದು ಎಂದು ತಿಳಿಯಲು ಈ ಪ್ರಕರಣ ನೆರವಾದೀತು. ಇಲ್ಲಿನ ಹೆಸರುಗಳು ನಿಜವಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಕಾನೂನಿನ ತಿರುಳಿಗೆ ಸೇರಿದ ಸಂಗತಿಗಳನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ. ನಾನು ವಕೀಲನಲ್ಲ. ವಲಸೆ ಅರ್ಜಿಗಳಿಗೆ ಬೇಕಾದ ದಾಖಲೆಗಳನ್ನು ಓದಿ, ಒಂದಕ್ಕೊಂದು ತಾಳೆ ನೋಡಿ, ಜೋಡಿಸಿಕೊಡುವುದು ನನ್ನ ಕೆಲಸ. ಈ ದಂಪತಿಯ ಕಡತ ನನ್ನ ಮೇಜಿಗೆ ಬಂದದ್ದೂ ಹಾಗೆಯೇ.

ಹಿನ್ನೆಲೆ

ಪತಿ ವಿನಯ ಹಾಸನ ಜಿಲ್ಲೆಯಲ್ಲಿ ಹುಟ್ಟಿದವರು. ಎಚ್‌1ಬಿ ಎಂಬ ಉದ್ಯೋಗ ವೀಸಾದ ಮೇಲೆ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ. ಕಂಪನಿ ಅವರ ಪರವಾಗಿ ಇಬಿ-2 ಎಂಬ ಉದ್ಯೋಗ ಆಧಾರಿತ ವರ್ಗದಲ್ಲಿ ಗ್ರೀನ್ ಕಾರ್ಡ್ ಪ್ರಕ್ರಿಯೆ ಆರಂಭಿಸಿತ್ತು, ಅದಕ್ಕಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿತ್ತು. ಸಾಲಿನಲ್ಲಿ ಅವರ ಸ್ಥಾನವನ್ನು ಗುರುತಿಸುವ ಪ್ರಯಾರಿಟಿ ಡೇಟ್ 2016ರ ಜೂನ್. ಪತ್ನಿ ಶ್ವೇತಾ ಉಡುಪಿ ಕಡೆಯವರು, ಬಿ.ಕಾಂ. ಪದವೀಧರೆ, ಗಂಡನ ವೀಸಾವನ್ನು ಅವಲಂಬಿಸಿದ ಎಚ್‌4 ವೀಸಾದಲ್ಲಿದ್ದರು. ಒಬ್ಬಳೇ ಮಗಳು; ಅಮೆರಿಕದಲ್ಲೇ ಹುಟ್ಟಿದ್ದರಿಂದ ಅವಳ ಪೌರತ್ವದ ಚಿಂತೆ ಇರಲಿಲ್ಲ.

ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ಎಷ್ಟು ಉದ್ದವಾಗಿದೆಯೆಂದರೆ, ಯಾರ ಸರದಿ ಬಂದಿದೆ ಎಂದು ಅಮೆರಿಕ ಸರ್ಕಾರ ಪ್ರತಿ ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನ 2022ರ ಡಿಸೆಂಬರ್ ಸಂಚಿಕೆಯಲ್ಲಿ ಇಬಿ-2 ಭಾರತದ ಅಂತಿಮ ದಿನಾಂಕ (ಅದಕ್ಕಿಂತ ಹಿಂದಿನ ಪ್ರಯಾರಿಟಿ ಡೇಟ್ ಇರುವವರಿಗೆ ಮಾತ್ರ ಕಾರ್ಡ್ ಸಿಗುತ್ತದೆ) 2011ರ ಅಕ್ಟೋಬರ್‌ಗೆ ಹಿಂದೆ ಸರಿದು ನಿಂತಿತ್ತು. ಮುಂದೆ ಹೋಗಬೇಕಾದ ದಿನಾಂಕ ಹಿಂದಕ್ಕೂ ಹೋಗುತ್ತದೆ ಎಂಬುದನ್ನು ಈ ಸಾಲಿನಲ್ಲಿ ನಿಂತವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಲಾಟರಿಯ ಯೋಚನೆ ಬಂದದ್ದು ಈ ಬೇಸರದಿಂದಲೇ. ಅಧಿಕೃತವಾಗಿ ಡೈವರ್ಸಿಟಿ ವೀಸಾ ಎಂದು ಕರೆಯುವ ಈ ಯೋಜನೆ 1990ರ ವಲಸೆ ಕಾಯ್ದೆಯಲ್ಲಿ ಹುಟ್ಟಿ, 1995ರ ಹಣಕಾಸು ವರ್ಷದಿಂದ ಈಗಿನ ರೂಪದಲ್ಲಿ ನಡೆದುಬಂದದ್ದು. ವರ್ಷಕ್ಕೆ ಗರಿಷ್ಠ 55,000 ವೀಸಾ. ಅದರಲ್ಲೂ ಬೇರೆ ಕಾಯ್ದೆಗಳಿಗಾಗಿ ಒಂದಷ್ಟು ಕಡಿತ. ಅಮೆರಿಕಕ್ಕೆ ಕಡಿಮೆ ಜನ ವಲಸೆ ಹೋಗುವ ದೇಶಗಳಿಗೆ ಅವಕಾಶ ಕೊಡುವುದೇ ಇದರ ಉದ್ದೇಶ. ಹಿಂದಿನ ಐದು ವರ್ಷಗಳಲ್ಲಿ ಕುಟುಂಬ ಮತ್ತು ಉದ್ಯೋಗದ ಆಧಾರದಲ್ಲಿ 50,000ಕ್ಕಿಂತ ಹೆಚ್ಚು ಜನರನ್ನು ಕಳುಹಿಸಿದ ದೇಶಗಳು ಪಟ್ಟಿಯಿಂದ ಹೊರಗೆ. ಭಾರತ, ಚೀನಾ, ಮೆಕ್ಸಿಕೊ, ಫಿಲಿಪೀನ್ಸ್ ಹೊರಗುಳಿಯುವುದು ಇದೇ ಕಾರಣಕ್ಕೆ.

ಇಷ್ಟು ಓದಿ ಹೆಚ್ಚಿನವರು ಪುಟ ಮುಚ್ಚುತ್ತಾರೆ. ವಿನಯ ಕೂಡ ಹಲವು ವರ್ಷ ಹಾಗೆಯೇ ಮಾಡಿದ್ದರು.

ಪ್ರಶ್ನೆ ಎದ್ದದ್ದು

ನಿಯಮ ಕೇಳುವುದು ಪೌರತ್ವವನ್ನಲ್ಲ, ಹುಟ್ಟಿದ ದೇಶವನ್ನು. ಅರ್ಜಿದಾರರು ಎಲ್ಲಿ ವಾಸವಾಗಿದ್ದಾರೆ, ಯಾವ ಪಾಸ್‌ಪೋರ್ಟ್ ಹಿಡಿದಿದ್ದಾರೆ ಎಂಬುದಕ್ಕೆ ಬೆಲೆಯಿಲ್ಲ. ಅನರ್ಹ ದೇಶದಲ್ಲಿ ಹುಟ್ಟಿದವರಿಗೆ ಎರಡು ಬಾಗಿಲುಗಳಿವೆ. ಒಂದು, ಗಂಡ ಅಥವಾ ಹೆಂಡತಿ ಅರ್ಹ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಆದರೆ ಇಬ್ಬರ ಹೆಸರೂ ಒಂದೇ ಅರ್ಜಿಯಲ್ಲಿರಬೇಕು, ಇಬ್ಬರಿಗೂ ವೀಸಾ ಸಿಗಬೇಕು, ಇಬ್ಬರೂ ಒಟ್ಟಿಗೆ ಪ್ರವೇಶ ಪಡೆಯಬೇಕು. ಇನ್ನೊಂದು, ಹುಟ್ಟಿದ ದೇಶದಲ್ಲಿ ತಂದೆಯಾಗಲಿ ತಾಯಿಯಾಗಲಿ ಹುಟ್ಟಿರಬಾರದು ಮತ್ತು ಅರ್ಜಿದಾರರು ಹುಟ್ಟಿದ ಸಮಯದಲ್ಲಿ ಅಲ್ಲಿನ ನಿವಾಸಿಗಳೂ ಆಗಿರಬಾರದು. ಆಗ ತಂದೆ ಅಥವಾ ತಾಯಿ ಹುಟ್ಟಿದ ದೇಶವನ್ನು ತನ್ನದೆಂದು ಹೇಳಿಕೊಳ್ಳಬಹುದು.

2022ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾಗಿಲಿನ ವಿಷಯವನ್ನು ಎಲ್ಲೋ ಓದಿದ ವಿನಯ, ಊಟದ ಹೊತ್ತಿಗೆ ಅದನ್ನು ಹೆಂಡತಿಗೆ ಹೇಳಿದರು. ಶ್ವೇತಾ, "ನಾನು ಹುಟ್ಟಿದ್ದು ಕುವೈತ್‌ನಲ್ಲಿ ಅಲ್ಲವೇ?" ಎಂದರು. ವಿನಯರಿಗೂ ಅದು ಗೊತ್ತಿದ್ದ ಸಂಗತಿಯೇ. ಮದುವೆ ಮಾತುಕತೆಯ ಕಾಲದಿಂದ ಕೇಳಿದ್ದರು. ಆದರೆ ಅವರ ಮಟ್ಟಿಗೆ ಅದು ಅತ್ತೆ-ಮಾವಂದಿರ ಹಳೆಯ ಕಥೆಯೇ ಹೊರತು ಕಾನೂನಿನ ಸಂಗತಿಯಾಗಿರಲಿಲ್ಲ.

ಶ್ವೇತಾರ ತಂದೆ 1980ರ ದಶಕದ ಆರಂಭದಲ್ಲಿ ಕುವೈತ್‌ನ ವ್ಯಾಪಾರ ಸಂಸ್ಥೆಯೊಂದಕ್ಕೆ ಲೆಕ್ಕಿಗರಾಗಿ ಹೋದವರು. ಮೊದಲ ಹೆರಿಗೆಗೆ ತಾಯಿ ವಾಡಿಕೆಯಂತೆ ತವರಿಗೆ ಬಂದರು. ಅಣ್ಣ ಹರೀಶ ಹುಟ್ಟಿದ್ದು ಉಡುಪಿಯಲ್ಲಿ. ಎರಡನೆಯ ಸಲ ವೈದ್ಯರು ವಿಮಾನ ಪ್ರಯಾಣ ಬೇಡವೆಂದರು. ಹೀಗಾಗಿ 1988ರ ಫೆಬ್ರುವರಿಯಲ್ಲಿ ಶ್ವೇತಾ ಕುವೈತ್‌ನ ಸರ್ಕಾರಿ ಆಸ್ಪತ್ರೆಯಲ್ಲೇ ಹುಟ್ಟಿದರು. ಕುವೈತ್ ತನ್ನ ನೆಲದಲ್ಲಿ ಹುಟ್ಟಿದ ವಿದೇಶಿಯರ ಮಕ್ಕಳಿಗೆ ಪೌರತ್ವ ಕೊಡುವುದಿಲ್ಲ. ತಂದೆ ಭಾರತೀಯರಾದ್ದರಿಂದ ಮಗು ಭಾರತದ ಪ್ರಜೆ. ಲಾಟರಿಯ ಲೆಕ್ಕದಲ್ಲಿ ಮಾತ್ರ ಆ ಮಗು ಕುವೈತ್‌ಗೆ ಸೇರಿದ್ದು, ಮತ್ತು ಕುವೈತ್ ಅರ್ಹ ದೇಶ.

ಆದರೆ ಶ್ವೇತಾರ ಪಾಸ್‌ಪೋರ್ಟ್‌ನಲ್ಲಿ ಜನ್ಮಸ್ಥಳ ಎಂಬಲ್ಲಿ ಉಡುಪಿ ಎಂದಿತ್ತು.

ತಪ್ಪು ಹೇಗೆ ಉಳಿದುಕೊಂಡಿತು

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್ ಪ್ರವೇಶಿಸಿತು. ಸುಮಾರು 1,70,000 ಭಾರತೀಯರನ್ನು ಮುಂದಿನ ವಾರಗಳಲ್ಲಿ ಏರ್ ಇಂಡಿಯಾ ವಿಮಾನಗಳು ಊರಿಗೆ ತಲುಪಿಸಿದ ಸಂಗತಿ ಗೊತ್ತಿರುವಂಥದ್ದೇ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಮಾತಿಗೆ ಬರುತ್ತದೆ. ಈ ಕುಟುಂಬ ಬಾಗ್ದಾದ್ ಮಾರ್ಗವಾಗಿ ಬಸ್ಸಿನಲ್ಲಿ ಅಮ್ಮಾನ್ ತಲುಪಿ, ಅಲ್ಲಿಂದ ಬಾಂಬೆಗೆ ಬಂತು. ಪಾಸ್‌ಪೋರ್ಟ್‌ಗಳು ಕೈಯಲ್ಲಿದ್ದವು. ಮಗಳ ಅರಬ್ಬಿ ಜನನ ಪ್ರಮಾಣಪತ್ರ ಫ್ಲ್ಯಾಟ್‌ನಲ್ಲೇ ಉಳಿಯಿತು.

ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರ ಇರಲಿಲ್ಲ. ತಂದೆ ಹುಟ್ಟಿದ ದಿನಾಂಕ ಹೇಳಿದರು. ಗುಮಾಸ್ತರು ಊರಿನ ಕಾಲಂನಲ್ಲಿ ಉಡುಪಿ ಎಂದು ಬರೆದುಕೊಂಡರು. ಯಾರೂ ತಿದ್ದಲಿಲ್ಲ, ತಿದ್ದಬೇಕೆಂದು ಯಾರಿಗೂ ಅನಿಸಲೂ ಇಲ್ಲ. 2009ರಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗ ತಪ್ಪು ಹೊರಬರಬಹುದಿತ್ತು. ಆದರೆ ಆಗಿನ ನಿಯಮದಲ್ಲಿ ಜನನ ಪ್ರಮಾಣಪತ್ರ ಕಡ್ಡಾಯವಾಗಿದ್ದುದು 1989ರ ಜನವರಿ 26ರಂದು ಅಥವಾ ನಂತರ ಹುಟ್ಟಿದವರಿಗೆ ಮಾತ್ರ. ಶ್ವೇತಾ ಒಂದು ವರ್ಷದ ಅಂತರದಲ್ಲಿ ಆಚೆ ಉಳಿದರು. ಶಾಲೆಯ ದಾಖಲೆಗಳೇ ಸಾಕಾದವು. ಅಲ್ಲಿಂದ ಮುಂದೆ ವೀಸಾ ಅರ್ಜಿ, ಎಚ್‌4 ವಿಸ್ತರಣೆ, ಎಲ್ಲದರಲ್ಲೂ ಪಾಸ್‌ಪೋರ್ಟ್ ನೋಡಿ ನಕಲು ಮಾಡಿದ್ದು: ಉಡುಪಿ, ಭಾರತ.

ಇಂಥ ತಪ್ಪು ಎಷ್ಟು ಸಾಮಾನ್ಯ ಎಂದರೆ, ಗಲ್ಫ್‌ನಲ್ಲಿ ಹುಟ್ಟಿ ಊರಿನಲ್ಲಿ ಬೆಳೆದವರ ಕಡತ ಬಂದಾಗಲೆಲ್ಲ ನಾನು ಮೊದಲು ನೋಡುವುದು ಜನ್ಮಸ್ಥಳದ ಕಾಲಂ. ಕೇಡು ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ. ಹುಟ್ಟಿದ ಊರು ಮತ್ತು ಸ್ವಂತ ಊರು ಒಂದೇ ಎಂದು ನಮ್ಮ ಜನ ಸಹಜವಾಗಿ ಭಾವಿಸುತ್ತಾರೆ, ಅಷ್ಟೆ.

ಸುತ್ತಮುತ್ತಲಿನ ಸಲಹೆಗಳು

ಲಾಟರಿಯ ಅರ್ಜಿಗೆ ಆ ವರ್ಷ 2022ರ ಅಕ್ಟೋಬರ್ 5ರಿಂದ ನವೆಂಬರ್ 8ರವರೆಗೆ ಅವಕಾಶವಿತ್ತು. ಅದು 2024ರ ಹಣಕಾಸು ವರ್ಷದ ವೀಸಾಗಳಿಗೆ. ಈ ಒಂದು ತಿಂಗಳಲ್ಲಿ ದಂಪತಿಗೆ ಬಂದ ಸಲಹೆಗಳನ್ನು ಹೇಳಬೇಕು, ಏಕೆಂದರೆ ಪ್ರಕರಣ ಕೆಡಬಹುದಾಗಿದ್ದುದು ಅಲ್ಲಿಯೇ.

ದುಬೈನಲ್ಲಿ ಕೆಲಸದಲ್ಲಿರುವ ಅಣ್ಣ ಹರೀಶ ತಾವೂ ಅರ್ಜಿ ಹಾಕುವುದಾಗಿ ಹೇಳಿದರು. ತಾವು ಹುಟ್ಟುವಾಗ ಅಪ್ಪ ಕುವೈತ್ ನಿವಾಸಿಯಾಗಿದ್ದರು, ಈಗ ತಾವು ದುಬೈ ನಿವಾಸಿ, ಎರಡರಲ್ಲಿ ಒಂದಾದರೂ ಸಾಕಲ್ಲವೇ ಎಂಬುದು ಅವರ ವಾದ. ಎರಡೂ ಸಾಲವು. ವಾಸಸ್ಥಳ ಲೆಕ್ಕಕ್ಕೇ ಬರುವುದಿಲ್ಲ. ತಂದೆ-ತಾಯಿಯ ಬಾಗಿಲು ತೆರೆಯುವುದು, ಮಗು ಹುಟ್ಟಿದ ದೇಶದಲ್ಲಿ ಅವರಿಬ್ಬರಲ್ಲಿ ಯಾರೂ ಹುಟ್ಟಿರದಿದ್ದರೆ ಮಾತ್ರ. ಹರೀಶರ ತಂದೆ-ತಾಯಿ ಇಬ್ಬರೂ ಹುಟ್ಟಿದ್ದು ಭಾರತದಲ್ಲೇ. ಅವರ ಹೆಂಡತಿ ಹುಟ್ಟಿದ್ದೂ ಕುಂದಾಪುರದಲ್ಲಿ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಅರ್ಹರು, ಇನ್ನೊಬ್ಬರು ಅನರ್ಹರು; ವ್ಯತ್ಯಾಸವಿದ್ದುದು ಒಂದು ಬಾಣಂತನ ಎಲ್ಲಿ ನಡೆಯಿತು ಎಂಬುದರಲ್ಲಿ. ಹರೀಶರಿಗೆ ಇದು ಅನ್ಯಾಯವೆನಿಸಿತು. ನ್ಯಾಯದ ಮಾತು ಬೇರೆ. ನಿಯಮದಲ್ಲಿ ಸಂದಿಗ್ಧವೇನೂ ಇರಲಿಲ್ಲ.

ಅಪಾಯ ತರಬಹುದಾಗಿದ್ದ ಸಲಹೆ ಉಡುಪಿಯಿಂದಲೇ ಬಂತು. ಅಮೆರಿಕದ ಅರ್ಜಿಗೆ ಜನನ ಪ್ರಮಾಣಪತ್ರ ಬೇಕು ಎಂಬುದಷ್ಟೇ ಶ್ವೇತಾರ ತಂದೆಯ ಕಿವಿಗೆ ಬಿದ್ದಿತ್ತು. ಒಂದು ವರ್ಷ ಮೀರಿದ ಜನನವನ್ನು ನ್ಯಾಯಾಲಯದ ಆದೇಶ ಪಡೆದು ನೋಂದಾಯಿಸಲು ಜನನ-ಮರಣ ನೋಂದಣಿ ಕಾಯ್ದೆಯಲ್ಲಿ ಆಗ ದಾರಿಯಿತ್ತು. ಪರಿಚಯದ ವಕೀಲರೊಬ್ಬರ ಬಳಿ ಅವರು ಮಾತಾಡಿಯೂ ಆಗಿತ್ತು: ಶಾಲೆಯ ದಾಖಲೆ ಇದೆ, ಒಂದು ಅಫಿಡವಿಟ್ ಬರೆಸಿದರೆ ಉಡುಪಿಯಲ್ಲೇ ಹುಟ್ಟಿದ್ದೆಂದು ಆದೇಶ ತರಬಹುದು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಅದು. ಆದರೆ ಆ ಆದೇಶ ಹೊರಬಿದ್ದಿದ್ದರೆ, ಗುಮಾಸ್ತರ ಕಾಲಂನಲ್ಲಿದ್ದ ತಪ್ಪು ನ್ಯಾಯಾಲಯದ ಮುದ್ರೆಯುಳ್ಳ ಸುಳ್ಳಾಗಿ ಬದಲಾಗುತ್ತಿತ್ತು. ಮುಂದೆ ಕುವೈತ್‌ನ ದಾಖಲೆ ಸಿಕ್ಕರೂ ಎರಡರಲ್ಲಿ ಯಾವುದು ನಿಜವೆಂದು ಸಾಧಿಸಲು ಹೆಣಗಬೇಕಾಗುತ್ತಿತ್ತು. ಶ್ವೇತಾ ಫೋನ್ ಮಾಡಿ ಅದನ್ನು ನಿಲ್ಲಿಸಿದರು. ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ನಿರ್ಧಾರ ನನ್ನ ದೃಷ್ಟಿಯಲ್ಲಿ ಅದೇ.

ಮೂರನೆಯದು, ಹಣ ಕೊಟ್ಟರೆ ಭಾರತದವರಿಗೂ ಲಾಟರಿಯಲ್ಲಿ ಜಾಗ ಕೊಡಿಸುತ್ತೇವೆ ಎಂಬ ಏಜೆಂಟರ ಇ-ಮೇಲ್. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಥ ಜಾಗವೇ ಇಲ್ಲ, ಆಯ್ಕೆಯಾದವರಿಗೆ ಅಮೆರಿಕ ಸರ್ಕಾರ ಇ-ಮೇಲ್ ಮೂಲಕ ಆಯ್ಕೆಯ ಸುದ್ದಿ ತಿಳಿಸುವುದೂ ಇಲ್ಲ.

ಅರ್ಜಿ ಹಾಕಿದ್ದು

ಶ್ವೇತಾರ ಹಿಂಜರಿಕೆ ಬೇರೆಯದು. ತನ್ನ ಪ್ರತಿ ಕಾಗದದಲ್ಲೂ ಉಡುಪಿ ಎಂದಿರುವಾಗ ಲಾಟರಿಯಲ್ಲಿ ಮಾತ್ರ ಕುವೈತ್ ಎಂದು ಬರೆದರೆ, ಲಾಭಕ್ಕಾಗಿ ಸುಳ್ಳು ಹೇಳಿದಳು ಎಂದಾಗುವುದಿಲ್ಲವೇ? ಅರ್ಜಿಯನ್ನು ಮುಂದಿನ ವರ್ಷಕ್ಕೆ ಹಾಕೋಣ, ಅಷ್ಟರಲ್ಲಿ ಪಾಸ್‌ಪೋರ್ಟ್ ತಿದ್ದಿಸೋಣ ಎಂದರು. ವಿನಯರಿಗೆ ಒಂದು ವರ್ಷ ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಅರ್ಜಿಯಲ್ಲಿ ಕೇಳುವುದು ಎಲ್ಲಿ ಹುಟ್ಟಿದಿರಿ ಎಂದು. ಪಾಸ್‌ಪೋರ್ಟ್‌ನಲ್ಲಿ ಏನು ಬರೆದಿದೆ ಎಂದಲ್ಲ. ಗೊತ್ತಿರುವ ನಿಜವನ್ನು ಬರೆಯುವುದೇ ಸರಿ. ಹಳೆಯ ಕಾಗದಗಳಲ್ಲಿ ತಪ್ಪು ಹೇಗೆ ಬಂತೆಂದು ವಿವರಿಸುವ ಹೊಣೆ ನಂತರದ್ದು. ದಂಪತಿ ಕಂಡಿದ್ದ ವಲಸೆ ವಕೀಲರೂ ಅದನ್ನೇ ಹೇಳಿದರು. ಹಾಗಾಗಿ ಇಬ್ಬರೂ ಒಂದೊಂದು ಅರ್ಜಿ ಹಾಕಿದರು: ಶ್ವೇತಾ ತಮ್ಮ ಜನ್ಮಸ್ಥಳದ ಆಧಾರದಲ್ಲಿ, ವಿನಯ ಹೆಂಡತಿಯ ಜನ್ಮಸ್ಥಳದ ಆಧಾರದಲ್ಲಿ. ಪ್ರತಿ ಅರ್ಜಿಯಲ್ಲೂ ಇನ್ನೊಬ್ಬರ ಹೆಸರಿತ್ತು. ಒಬ್ಬರೇ ಎರಡು ಅರ್ಜಿ ಹಾಕಿದರೆ ಅನರ್ಹರಾಗುತ್ತಾರೆ. ಗಂಡ-ಹೆಂಡತಿ ಅರ್ಹರಾಗಿದ್ದು ತಲಾ ಒಂದು ಹಾಕಿದರೆ ತಪ್ಪಿಲ್ಲ. ಹೈಸ್ಕೂಲು ಮಟ್ಟದ ಶಿಕ್ಷಣದ ಅಗತ್ಯ ಇಬ್ಬರ ವಿಷಯದಲ್ಲೂ ಪ್ರಶ್ನೆಯೇ ಆಗಿರಲಿಲ್ಲ.

2023ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಬ್ಬರೂ ಆಯ್ಕೆಯಾಗಿರಲಿಲ್ಲ.

ಲಾಟರಿಯ ಕಥೆ ಅಲ್ಲಿಗೆ ಮುಗಿಯಿತು. ಆಯ್ಕೆಯಾಗಿದ್ದರೂ ಗ್ರೀನ್ ಕಾರ್ಡ್ ಖಚಿತವಾಗಿರುತ್ತಿರಲಿಲ್ಲ. ಇರುವ ವೀಸಾಗಳಿಗಿಂತ ಹೆಚ್ಚು ಜನರನ್ನು ಆಯ್ಕೆ ಮಾಡುತ್ತಾರೆ, ಸರದಿ ಸಂಖ್ಯೆ ಬಂದು, 2024ರ ಸೆಪ್ಟೆಂಬರ್ 30ರೊಳಗೆ ಎಲ್ಲ ಮುಗಿಯಬೇಕಿತ್ತು.

ಯಾರೂ ಕೇಳದಿದ್ದ ಇನ್ನೊಂದು ಪ್ರಶ್ನೆ

ತಿರುವು ಬಂದದ್ದು ಅರ್ಜಿ ಹಾಕುವ ಹೊತ್ತಿನಲ್ಲೇ. ಲಾಟರಿಯ ಅರ್ಹತೆ ಪರಿಶೀಲಿಸಲು ದಂಪತಿ ಹೊರಗಿನ ವಕೀಲರೊಬ್ಬರನ್ನು ಕಂಡಿದ್ದರು. ಮಾತಿನ ನಡುವೆ ಅವರು ವಿನಯರ ಪ್ರಯಾರಿಟಿ ಡೇಟ್ ಯಾವುದೆಂದು ಕೇಳಿದರು. 2016 ಎಂದಾಗ, "ಹಾಗಾದರೆ ಲಾಟರಿ ಏಕೆ?" ಎಂದರು.

ಸಂಗಾತಿ ಹುಟ್ಟಿದ ದೇಶವನ್ನು ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮ ಲಾಟರಿಗಷ್ಟೇ ಸೀಮಿತವಲ್ಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗೂ ಅದು ಅನ್ವಯಿಸುತ್ತದೆ. ಕ್ರಾಸ್ ಚಾರ್ಜಬಿಲಿಟಿ ಎಂದು ಕರೆಯುವುದು ಇದನ್ನೇ. ಶ್ವೇತಾ ಕುವೈತ್‌ನಲ್ಲಿ ಹುಟ್ಟಿದ್ದರೆ ವಿನಯ ಭಾರತದ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಉಳಿದ ದೇಶಗಳ ಸಾಲಿಗೆ ಬರಬಹುದಿತ್ತು. 2022ರ ಡಿಸೆಂಬರ್‌ನ ಅದೇ ಬುಲೆಟಿನ್‌ನಲ್ಲಿ ಆ ಸಾಲು 2022ರ ನವೆಂಬರ್‌ನಲ್ಲಿತ್ತು. ಭಾರತದ ಸಾಲಿಗೂ ಅದಕ್ಕೂ ಹನ್ನೊಂದು ವರ್ಷದ ಅಂತರ. 2016ರವರಿಗೆ ಅಲ್ಲಿ ಕಾಯುವ ಮಾತೇ ಇರಲಿಲ್ಲ.

ಅಂದರೆ ಅದೃಷ್ಟವನ್ನು ನಂಬಿ ಲಾಟರಿಗೆ ಕೈಹಾಕಿದ ದಂಪತಿಯ ಬಳಿ, ಅದೃಷ್ಟ ಬೇಕಿಲ್ಲದ ದಾರಿ ವರ್ಷಗಳಿಂದ ಇತ್ತು. ಕಂಪನಿಯ ಪರವಾಗಿ ಪ್ರಕ್ರಿಯೆ ನಡೆಸಿದ ವಕೀಲರ ಕಚೇರಿಯ ನಮೂನೆಯಲ್ಲಿ ಸಂಗಾತಿ ಹುಟ್ಟಿದ ದೇಶ ಎಂಬ ಪ್ರಶ್ನೆಯಿತ್ತು. ವಿನಯ ಪಾಸ್‌ಪೋರ್ಟ್ ನೋಡಿ ಭಾರತ ಎಂದು ತುಂಬಿದ್ದರು. ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳಲು ಕಚೇರಿಗೆ ಕಾರಣವಿರಲಿಲ್ಲ. ಸಂಗಾತಿ ಎಲ್ಲಿ ಹುಟ್ಟಿದರು ಎಂಬುದು ಗ್ರೀನ್ ಕಾರ್ಡ್‌ನ ಕಾಲವನ್ನೇ ಬದಲಿಸಬಲ್ಲದು ಎಂದು ಆ ನಮೂನೆಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಾಗುತ್ತಿತ್ತು. ಇಂಥ ನಮೂನೆಗಳ ಬಗ್ಗೆ ನನಗೆ ತಕರಾರಿದೆ.

ದಾಖಲೆಯ ಬೇಟೆ

ಈಗ ಉಳಿದದ್ದು ಸಾಬೀತು ಮಾಡುವುದು. ಪಾಸ್‌ಪೋರ್ಟ್ ತಿದ್ದಿಸಲು ಜನನ ಪ್ರಮಾಣಪತ್ರ ಬೇಕು; ಅದು ಕುವೈತ್‌ನಿಂದಲೇ ಬರಬೇಕು.

ಎಳೆ ಸಿಕ್ಕಿದ್ದು ಉಡುಪಿಯ ಮನೆಯ ಬೀರುವಿನಲ್ಲಿ. ಆ ಕಾಲದ ಭಾರತೀಯ ಪಾಸ್‌ಪೋರ್ಟ್‌ಗಳಲ್ಲಿ ಚಿಕ್ಕ ಮಕ್ಕಳ ಹೆಸರನ್ನು ತಂದೆ ಅಥವಾ ತಾಯಿಯ ಪುಸ್ತಕದಲ್ಲೇ ಸೇರಿಸುತ್ತಿದ್ದರು. ಶ್ವೇತಾರ ತಾಯಿ ಅವಧಿ ಮುಗಿದ ಪಾಸ್‌ಪೋರ್ಟನ್ನು ಎಸೆದಿರಲಿಲ್ಲ. ಅದರಲ್ಲಿ 1988ರಲ್ಲಿ ಕುವೈತ್‌ನ ಭಾರತೀಯ ರಾಯಭಾರ ಕಚೇರಿ ಮಗಳ ಹೆಸರು, ಹುಟ್ಟಿದ ದಿನಾಂಕ ಸೇರಿಸಿ ಮುದ್ರೆ ಒತ್ತಿದ ಪುಟವಿತ್ತು. ಮಗಳು ಹುಟ್ಟುವ ಹಿಂದಿನ ವರ್ಷದಿಂದ ಮರುವರ್ಷದವರೆಗೆ ತಾಯಿ ಕುವೈತ್ ಬಿಟ್ಟು ಹೊರಗೆ ಹೋದ ಮುದ್ರೆ ಯಾವ ಪುಟದಲ್ಲೂ ಇರಲಿಲ್ಲ. ಹೆರಿಗೆಯ ಹೊತ್ತಿನಲ್ಲಿ ತಾಯಿ ಭಾರತದಲ್ಲಿ ಇರಲೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು. ಇಲ್ಲದ ಮುದ್ರೆಯನ್ನೂ ಓದಬೇಕು ಎಂಬುದು ನಮ್ಮ ಕೆಲಸದ ಹಳೆಯ ಪಾಠ.

ಆ ಪುಟದ ಪ್ರತಿ ಹಿಡಿದು, ಕುವೈತ್‌ನಲ್ಲೇ ನೆಲೆಸಿದ್ದ ಸಂಬಂಧಿಯೊಬ್ಬರು ಅಧಿಕಾರಪತ್ರದ ಮೇಲೆ ಅಲ್ಲಿನ ಆರೋಗ್ಯ ಸಚಿವಾಲಯದಲ್ಲಿ ಅರ್ಜಿ ಹಾಕಿದರು. ಯುದ್ಧದಲ್ಲಿ ದಾಖಲೆ ಹೋಗಿರಬಹುದೆಂಬ ಅಂಜಿಕೆ ಎಲ್ಲರಿಗೂ ಇತ್ತು. ನಮೂದು ಸಿಕ್ಕಿತು. ಆದರೆ ಅರಬ್ಬಿಯಲ್ಲಿ ಬರೆದ ಹೆಸರನ್ನು ಅನುವಾದಕರು ಇಂಗ್ಲಿಷ್‌ಗೆ ತಂದಾಗ ಅದು ಶ್ವೇತಾ ಆಗಿರದೆ ಶುವೈತಾ ಆಗಿತ್ತು. ದಿನಾಂಕ, ತಂದೆ-ತಾಯಿಯ ಹೆಸರು, ತಂದೆಯ ಪಾಸ್‌ಪೋರ್ಟ್ ಸಂಖ್ಯೆ ಹೊಂದಿಕೆಯಾದದ್ದರಿಂದ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಲಗತ್ತಿಸಿದರೆ ಸಾಕಾಯಿತು. ಅದರ ಆಧಾರದಲ್ಲಿ ಕಾನ್ಸುಲೇಟ್ ಮೂಲಕ ಪಾಸ್‌ಪೋರ್ಟ್‌ನ ಜನ್ಮಸ್ಥಳ ತಿದ್ದುಪಡಿಯಾಯಿತು. ಬರೆಯುವಾಗ ಸಲೀಸಾಗಿ ಕಾಣುವ ಈ ಹಂತ ನಿಜದಲ್ಲಿ ತಿಂಗಳುಗಳನ್ನು ತಿಂದಿತು.

2023ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಒಟ್ಟಿಗೆ ಗ್ರೀನ್ ಕಾರ್ಡ್‌ನ ಕೊನೆಯ ಹಂತದ ಅರ್ಜಿಯಾದ ಐ-485 ಸಲ್ಲಿಸಿದರು. ಮುಖಪತ್ರದ ಮೊದಲ ಸಾಲಿನಲ್ಲೇ ಸಂಗಾತಿಯ ಜನ್ಮಸ್ಥಳದ ಆಧಾರ ಕೋರುತ್ತಿರುವುದಾಗಿ ದಪ್ಪ ಅಕ್ಷರದಲ್ಲಿ ಬರೆಸಿದೆವು. ಇಲ್ಲದಿದ್ದರೆ ವಲಸೆ ಇಲಾಖೆಯ ಅಂಚೆಕೋಣೆಯಲ್ಲೇ ಭಾರತ, 2016 ಎಂದು ನೋಡಿ ಅರ್ಜಿ ಹಿಂದಿರುಗಿಸುವ ಸಾಧ್ಯತೆ ಇರುತ್ತದೆ. ಹಿಂದಿನ ಎಚ್‌4 ಅರ್ಜಿಗಳಲ್ಲಿ ಉಡುಪಿ ಎಂದು ಬರೆದದ್ದನ್ನು ಮರೆಮಾಡುವುದು ಬೇಡ, ನಾವೇ ಮುಂದಾಗಿ ವಿವರಿಸುವುದು ಎಂದು ತೀರ್ಮಾನಿಸಿದೆವು. ಆದರೂ ಕೆಲವು ತಿಂಗಳ ನಂತರ ವಲಸೆ ಇಲಾಖೆ ಹೆಚ್ಚಿನ ಪುರಾವೆ ಕೇಳಿತು. ತಾಯಿಯ ಪಾಸ್‌ಪೋರ್ಟ್‌ನ ಎಲ್ಲ ಪುಟಗಳು, ತಂದೆ-ತಾಯಿಯ ಹೇಳಿಕೆ, ಉಡುಪಿಯಲ್ಲಿ ಆ ಹೆಸರಿನ ಜನನ ನೋಂದಣಿ ಲಭ್ಯವಿಲ್ಲವೆಂಬ ಸ್ಥಳೀಯ ನೋಂದಣಾಧಿಕಾರಿಯ ಪತ್ರ, ಇಷ್ಟು ಹೋದವು. ಆ ಕೊನೆಯ ಪತ್ರ ಸಿಕ್ಕಿದ್ದು, ಶ್ವೇತಾರ ತಂದೆಯ ನ್ಯಾಯಾಲಯದ ಯೋಜನೆ ನಿಂತದ್ದರಿಂದ. 2024ರಲ್ಲಿ ಇಬ್ಬರ ಅರ್ಜಿಗಳೂ ಒಟ್ಟಿಗೆ ಮಂಜೂರಾದವು.

ಇದರಿಂದ ತಿಳಿಯುವುದು

ಮದುವೆಯಾದವರು ಇಬ್ಬರ ಜನ್ಮಸ್ಥಳವನ್ನೂ ಬಾಯಿಮಾತಿನಲ್ಲಿ ಕೇಳಿ ನೋಡಬೇಕು, ಕಾಗದದಲ್ಲಿ ಮಾತ್ರವಲ್ಲ. ಮಸ್ಕತ್, ದೋಹಾ, ಬಹರೇನ್, ಜೆಡ್ಡಾ, ನೈರೋಬಿಗಳಲ್ಲಿ ಹುಟ್ಟಿ ಮಂಗಳೂರು, ಕಾರವಾರ, ಭಟ್ಕಳಗಳಲ್ಲಿ ಬೆಳೆದವರು ಕಡಿಮೆಯೇನಿಲ್ಲ. ಆದರೆ ಈ ಪ್ರಕರಣದಲ್ಲಿ ಕೈಹಿಡಿದದ್ದು ಜನ್ಮಸ್ಥಳ ಒಂದೇ ಅಲ್ಲ. ಮದುವೆ ಮೊದಲೇ ಆಗಿತ್ತು, ಐ-140 ಮಂಜೂರಾಗಿತ್ತು, ಕುವೈತ್‌ನ ದಾಖಲೆ ಉಳಿದಿತ್ತು. ಇವುಗಳಲ್ಲಿ ಒಂದು ತಪ್ಪಿದ್ದರೂ ಫಲ ಬೇರೆಯಾಗುತ್ತಿತ್ತು. ವಿಶೇಷವಾಗಿ, ಗಂಡ-ಹೆಂಡತಿ ಒಬ್ಬರಿಗೊಬ್ಬರು ಜನ್ಮಸ್ಥಳವನ್ನು ಎರವಲು ಪಡೆಯಬಹುದು. ಮಕ್ಕಳಿಂದ ತಂದೆ-ತಾಯಿಗೆ ಅದು ಬರುವುದಿಲ್ಲ. ಮಗ ದುಬೈನಲ್ಲಿ ಹುಟ್ಟಿದ್ದಾನೆ, ನಮಗೂ ಆಗುತ್ತದೆಯೇ ಎಂದು ಕೇಳುವವರಿಗೆ ಉತ್ತರ: ಇಲ್ಲ.

ಲಾಟರಿಯ ವಿಷಯಕ್ಕೆ ಬಂದರೆ, 2025ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಆ ಯೋಜನೆಯನ್ನು ತಡೆಹಿಡಿಯುವುದಾಗಿ ಪ್ರಕಟಿಸಿದೆ. ಉದ್ಯೋಗ ಆಧಾರಿತ ಸಾಲಿನ ನಿಯಮ ಅದಕ್ಕೆ ಅಂಟಿಕೊಂಡದ್ದಲ್ಲ. ಕಾಯ್ದೆಯ ಬೇರೆ ಭಾಗದಲ್ಲಿದೆ.

ಶ್ವೇತಾರ ಶಾಲಾ ದಾಖಲೆಯಲ್ಲಿ ಇಂದಿಗೂ ಉಡುಪಿ ಎಂದೇ ಇದೆ. ತಿದ್ದಿಸಬೇಕೇ ಎಂದು ಅವರು ಕೇಳಿದಾಗ ವಕೀಲರು ಬೇಡವೆಂದರು: ತಪ್ಪು ಎಲ್ಲಿ ಹುಟ್ಟಿತು ಎಂದು ತೋರಿಸಲು ಆ ಮೂಲ ನಮೂದು ಬೇಕಾಗುತ್ತದೆ. ಪೌರತ್ವದ ಅರ್ಜಿಯ ಹೊತ್ತಿಗೆ ಇದೇ ಪ್ರಶ್ನೆ ಮತ್ತೆ ಬರಬಹುದು. ಅದಕ್ಕಾಗಿ ಇಡೀ ಕಡತದ ಒಂದು ಪ್ರತಿ ಅವರ ಮನೆಯಲ್ಲಿದೆ, ಇನ್ನೊಂದು ವಕೀಲರ ಬಳಿ.